ಟೇಪಣ್ಣ ಅಳೆದ ಬಾಗಿಲು

ಟೇಪಣ್ಣನ ಕೊರಳಲ್ಲಿ ಅಳತೆಪಟ್ಟಿ ಇಲ್ಲದ್ದನ್ನು ಕಂಡವರು ಇಬ್ಬರೇ: ಅವನನ್ನು ಹೆತ್ತ ತಾಯಿ ಮತ್ತು ಅವನ ನೆತ್ತಿಗೆ ದೀಕ್ಷಾಸ್ನಾನದ ನೀರು ಹಾಕಿದ ಪಾದ್ರಿ. ಆಮೇಲೆ ಅವನು ಟೈಲರ್ ಆದ, ಪಟ್ಟಿ ಕೊರಳಿಗೇರಿತು, ಇಳಿಯಲಿಲ್ಲ. ಮದುವೆಯ ದಿನ ಕೋಟಿನ ಕಾಲರಿನ ಅಡಿಯಿಂದ ಹಳದಿ ಬಾಲವೊಂದು ಇಣುಕುವುದನ್ನು ನೋಡಿ ಮದುಮಗಳು, "ಇದೇನ್ರೀ ಇದು?" ಎಂದು ಪಿಸುಗುಟ್ಟಿದಾಗ, "ಇರಲಿ ಬಿಡು, ಇಲ್ಲದಿದ್ರೆ ಚಳಿ ಆಗುತ್ತೆ" ಎಂದಿದ್ದ. ಬೇರೆಯವರು ಎದುರಿಗೆ ಮನುಷ್ಯ ಬಂದರೆ ಮುಖ ನೋಡುತ್ತಾರೆ. ಟೇಪಣ್ಣ ಭುಜ ನೋಡುತ್ತಿದ್ದ. ಹೆಸರು ಮರೆಯುತ್ತಿದ್ದ, ಸೊಂಟದ ಸುತ್ತಳತೆ ಮರೆಯುತ್ತಿರಲಿಲ್ಲ.

ದೇವರು ಅವನಿಗೆ ದುಂಡನೆಯ ಹೊಟ್ಟೆ, ತೆಳ್ಳನೆಯ ಕೂದಲು, ಕ್ವಾಯರಿನ ಹಿಂದಿನ ಸಾಲಿಗೆ ಒಪ್ಪುವ ಗಡಸು ದನಿ, ಮಾತಿನಲ್ಲಿ ಎಂದೂ ಸೋಲದ ಹೆಂಡತಿ, ಇಷ್ಟನ್ನು ಕೊಟ್ಟಿದ್ದ. ಅಲ್ಲಿಗೇ ಕೈ ತೊಳೆದುಕೊಂಡಿದ್ದರೆ ಟೇಪಣ್ಣನ ಬಾಳು ಇಸ್ತ್ರಿ ಮಾಡಿದ ಪ್ಯಾಂಟಿನಂತೆ ಸುಕ್ಕಿಲ್ಲದೆ ಸಾಗುತ್ತಿತ್ತು. ಆದರೆ ದೇವರಿಗೂ ಹೊತ್ತು ಹೋಗಬೇಡವೇ? ಬೀದಿಯ ಆಚೆ ಬದಿಗೆ, ಸರಿಯಾಗಿ ಟೇಪಣ್ಣನ ಹೊಲಿಗೆ ಯಂತ್ರಕ್ಕೆ ಎದುರಾಗಿ, ಕಾಜಣ್ಣನನ್ನು ತಂದು ಕೂರಿಸಿದ.

ಕಾಜಣ್ಣನೂ ಟೈಲರನೇ. ಸೂಜಿಯಂತೆ ತೆಳ್ಳಗೆ, ಸೂಜಿಯಂತೆ ಚುಚ್ಚುವವನು. ಅಂಗಿಯ ಗುಂಡಿ ತೂರುವ ಕಾಜಾಗಳನ್ನು ಇಂದಿಗೂ ಕೈಯಲ್ಲೇ ಹೊಲಿಯುತ್ತಾನೆಂದು ಆ ಹೆಸರು. ಇಬ್ಬರೂ ಒಬ್ಬನೇ ಗುರುವಿನ ಹತ್ತಿರ ಕತ್ತರಿ ಹಿಡಿಯಲು ಕಲಿತವರು. ಆ ಗುರು ಒಮ್ಮೆ ಆಗಿನ ಪಾದ್ರಿಗಳ ನಿಲುವಂಗಿಯ ಒಂದು ತೋಳನ್ನು ಇವನಿಗೂ ಇನ್ನೊಂದು ತೋಳನ್ನು ಅವನಿಗೂ ಹೊಲಿಯಲು ಕೊಟ್ಟ. ಭಾನುವಾರ ಪಾದ್ರಿಗಳು ಆಶೀರ್ವಾದಕ್ಕೆ ಎರಡೂ ಕೈ ಎತ್ತಿದರು. ಒಂದು ತೋಳು ಮಣಿಕಟ್ಟಿನಲ್ಲಿ ಮರ್ಯಾದೆಯಿಂದ ನಿಂತಿತು, ಇನ್ನೊಂದು ಮೊಣಕೈವರೆಗೆ ಸರ್ರನೆ ಜಾರಿತು. ಇಡೀ ಸಭೆ ಆಶೀರ್ವಾದ ಬಿಟ್ಟು ಮೊಣಕೈ ನೋಡಿತು. ಯಾವ ತೋಳು ಯಾರದೆಂದು ಗುರು ಸಾಯುವವರೆಗೂ ಬಾಯಿ ಬಿಡಲಿಲ್ಲ. ಅಂದು ಶುರುವಾದ ಯುದ್ಧ ಇಬ್ಬರ ತಲೆ ನರೆತರೂ ನಿಂತಿರಲಿಲ್ಲ.

ಯುದ್ಧವೆಂದರೆ ಎಂಥದು? ಟೇಪಣ್ಣ ಹೊಲಿದ ಕೋಟು ತೊಟ್ಟು ಯಾರಾದರೂ ಬೀದಿ ದಾಟಿದರೆ ಆಚೆ ಬದಿಯಿಂದ ಬಾಣ ಬರುತ್ತಿತ್ತು.

"ಕೋಟು ಚೆನ್ನಾಗಿದೆ ಸಾರ್. ಅಣ್ಣಂದಾ?"

"ಇಲ್ವಲ್ಲ, ನಂದೇ."

"ಹೌದಾ. ಭುಜ ನೋಡಿ ನಿಮ್ಮಣ್ಣಂದು ಅಂದ್ಕೊಂಡೆ."

ಟೇಪಣ್ಣನೂ ಕೈಕಟ್ಟಿ ಕೂರುವವನಲ್ಲ. ಕಾಜಣ್ಣನ ಗಿರಾಕಿಯನ್ನು ಕರೆದು, "ಬಗ್ಗಬೇಡಿ, ಏನಾದ್ರೂ ಬಿದ್ರೆ ನಾನು ಎತ್ತಿಕೊಡ್ತೀನಿ, ಆ ಪ್ಯಾಂಟಲ್ಲಿ ಬಗ್ಗಬೇಡಿ" ಎಂದು ಕಳಕಳಿಯಿಂದ ಹೇಳುತ್ತಿದ್ದ.

ಹೀಗೆ ಎರಡು ಸಾಮ್ರಾಜ್ಯಗಳು ನಡುವೆ ಒಂದು ಚರಂಡಿ ಇಟ್ಟುಕೊಂಡು ಸುಖವಾಗಿದ್ದಾಗ ಸಮುದ್ರದ ಕಡೆಯಿಂದ ಚಂಡಮಾರುತ ಬಂತು. ಬೀದಿಯ ಎತ್ತರದ ಬದಿಯಲ್ಲಿದ್ದ ಟೇಪಣ್ಣನ ಮನೆ ಒಂದಿಷ್ಟು ಹೆಂಚು ಕಳೆದುಕೊಂಡು ಪಾರಾಯಿತು. ತಗ್ಗಿನ ಬದಿಯ ಕಾಜಣ್ಣನ ಮನೆಯ ಮಾಡು ಹಾರಿಹೋಗಿ ಶಾಲೆಯ ಮೈದಾನದಲ್ಲಿ ಅಂಗಾತ ಬಿತ್ತು. ಗೋಡೆಗಳು ಕುಸಿದವು. ನೀರು ನುಗ್ಗಿ ಮುಂಬಾಗಿಲನ್ನೂ ಹಿಂಬಾಗಿಲನ್ನೂ ಕಿತ್ತು ಒಯ್ದಿತು. ಮನುಷ್ಯರಿಗೆ ಏನೂ ಆಗಲಿಲ್ಲವೆಂಬುದೊಂದೇ ಸಮಾಧಾನ.

ಮಾರನೆಯ ಬೆಳಿಗ್ಗೆ ಟೇಪಣ್ಣನ ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಮುಂದಿನ ಕೋಣೆ ಖಾಲಿ ಮಾಡಿ."

"ಯಾಕೆ?"

"ಅವರು ಬರ್ತಾರೆ."

"ಅವರು ಅಂದ್ರೆ?"

"ಎದುರು ಮನೆಯೋರು. ಇನ್ಯಾರು, ಮಹಾರಾಜರು ಬರ್ತಾರಾ?"

"ಅವನು ನನ್ನ ಮನೆಗೆ ಬರ್ತಾನೇನೆ?"

"ಅವರನ್ನ ಯಾರು ಕೇಳಿದ್ರು? ನಾನೂ ಕಾಜಕ್ಕನೂ ಮಾತಾಡಿ ಆಯ್ತು."

ಗಂಡಂದಿರ ಯುದ್ಧ ನಡೆದಷ್ಟೂ ವರ್ಷ ಹೆಂಡತಿಯರಿಬ್ಬರೂ ಹಿತ್ತಿಲ ಕಡೆಯಿಂದ ಅಕ್ಕತಂಗಿಯರಂತೆ ಓಡಾಡಿಕೊಂಡಿದ್ದರೆಂಬ ಗುಟ್ಟು ಟೇಪಣ್ಣನಿಗೆ ಗೊತ್ತಾದದ್ದು ಆಗಲೇ. ಶತ್ರು ಒಂದು ಟ್ರಂಕು, ಒಂದು ಚಾಪೆ, ನೀರು ಕುಡಿದು ಕೆಟ್ಟ ಒಂದು ಹೊಲಿಗೆ ಯಂತ್ರದ ಸಮೇತ ಕೋಟೆಯೊಳಗೆ ಬಂದ. ಟೇಪಣ್ಣ ದೊಡ್ಡ ಮನಸ್ಸು ಮಾಡಿ, "ನನ್ನ ಮೆಷಿನ್ ಇದೆ, ಬೇಕಾದ್ರೆ ಕೂತ್ಕೋ" ಎಂದ.

ಕಾಜಣ್ಣ ಆ ಯಂತ್ರದ ಚಕ್ರವನ್ನು ಒಮ್ಮೆ ತಿರುಗಿಸಿ ಕಿವಿಯಿಟ್ಟು ಕೇಳಿದ. "ಬೇಡ. ನನ್ನ ಕೈ ಕೆಡುತ್ತೆ."

ಆದರೂ ಹಂಗಿನ ಮನೆಯಲ್ಲಿ ಎಷ್ಟು ದಿನ ಇರಲಾದೀತು? ಕಾಜಣ್ಣನ ಬಾಮೈದನೊಬ್ಬ ದೂರದ ಊರಿನಲ್ಲಿ ವ್ಯಾನು ಓಡಿಸುತ್ತಿದ್ದ. ಅವನು ಫೋನು ಮಾಡಿ, "ಭಾವ, ನಮ್ಮ ಮನೆ ಪಕ್ಕದಲ್ಲೇ ಒಂದು ಅಂಗಡಿ ಖಾಲಿ ಇದೆ, ಬಂದುಬಿಡಿ" ಎಂದ. ಕಾಜಣ್ಣ ಯೋಚಿಸಿ ಒಂದು ಮಾತು ಹೇಳಿದ: "ಬರೋ ತಿಂಗಳ ಕೊನೇ ಶನಿವಾರದೊಳಗೆ ನನ್ನ ಮನೆಗೆ ಬಾಗಿಲು ನಿಂತ್ರೆ ಇಲ್ಲೇ ಇರ್ತೀನಿ. ಇಲ್ಲಾಂದ್ರೆ ವ್ಯಾನು ತಗೊಂಡು ಬಾ, ಹೊರಡ್ತೀನಿ. ಇನ್ನೊಬ್ಬರ ಬಾಗಿಲಲ್ಲಿ ಹೋಗಿಬಂದು ಸಾಕಾಯ್ತು."

ಈ ಮಾತು ಕಿವಿಗೆ ಬಿದ್ದಾಗ ಟೇಪಣ್ಣನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಶತ್ರು ತಾನಾಗಿ ಗಂಟುಮೂಟೆ ಕಟ್ಟುತ್ತಿದ್ದಾನೆ. ಇನ್ನು ಬೀದಿಯ ಅಷ್ಟೂ ಭುಜಗಳು, ಅಷ್ಟೂ ಸೊಂಟಗಳು ತನ್ನವೇ. ಚಕ್ರವರ್ತಿ ಟೇಪಣ್ಣ. ಅಂದು ಎರಡು ಲೋಟ ಹೆಚ್ಚಿಗೆ ಚಹಾ ಕುಡಿದ.

ಆದರೆ ಅದೇ ವಾರ ಕಾಜಣ್ಣ ಹೆಂಡತಿಯ ಜೊತೆ ಆ ಹೊಸ ಅಂಗಡಿಯನ್ನು ನೋಡಲು ಬಾಮೈದನ ಊರಿಗೆ ಹೋದ, ಗಡುವಿನವರೆಗೆ ಅಲ್ಲೇ ಉಳಿದ. ಅಂದು ಬ್ಯಾಂಕಿನ ಗುಮಾಸ್ತರೊಬ್ಬರು ಹೊಸ ಅಂಗಿ ತೊಟ್ಟು ಕನ್ನಡಿ ಮುಂದೆ ನಿಂತು, "ಆಹಾ, ಕಾಲರ್ ಅಂದ್ರೆ ಇದು. ಇಂಥ ಕಾಲರ್ ನನ್ನ ಜನ್ಮದಲ್ಲಿ ಹಾಕಿರಲಿಲ್ಲ" ಎಂದರು. ಟೇಪಣ್ಣ ವಾಡಿಕೆಯಂತೆ ದನಿ ಎತ್ತರಿಸಿ, "ಏನಂದ್ರಿ? ಇನ್ನೊಂದು ಸಲ ಹೇಳಿ" ಎನ್ನುತ್ತ ಬೀದಿಯ ಆಚೆಗೆ ಕಣ್ಣು ಹಾಯಿಸಿದ. ಅಲ್ಲಿ ಕುಸಿದ ಗೋಡೆಯ ಮೇಲೆ ಒಂದು ಕಾಗೆ ಕೂತಿತ್ತು. ಗುಮಾಸ್ತರು ಇನ್ನೊಂದು ಸಲವೂ ಹೇಳಿದರು. ಕಾಗೆ ಹಾರಿಹೋಯಿತು. ಹೊಗಳಿಕೆ ಕೇಳಿ ಹೊಟ್ಟೆ ಉರಿದುಕೊಳ್ಳುವವನೇ ಎದುರಿಗಿಲ್ಲ ಅಂದಮೇಲೆ ಎಂಥ ಕಾಲರು, ಎಂಥ ಹೊಗಳಿಕೆ? ಟೇಪಣ್ಣನಿಗೆ ಅಂದು ಚಹಾ ರುಚಿಸಲಿಲ್ಲ. ಮಾರನೆಯ ದಿನವೂ ರುಚಿಸಲಿಲ್ಲ. ಕಾರಣ ಹೊಳೆದಾಗ ಅವನಿಗೆ ತನ್ನ ಮೇಲೇ ಸಿಟ್ಟು ಬಂತು. ಆ ಕಡ್ಡಿ ಮನುಷ್ಯ ಊರು ಬಿಟ್ಟು ಹೋಗಬಾರದು. ಹೋದರೆ ತನಗೆ ಬದುಕಲ್ಲಿ ಕೆಲಸವೇ ಇರುವುದಿಲ್ಲ.

ಇಂಥದನ್ನು ಬಾಯಿ ಬಿಟ್ಟು ಹೇಳುವುದಕ್ಕಾಗುತ್ತದೆಯೇ? ಟೇಪಣ್ಣ ನೆಟ್ಟಗೆ ಚರ್ಚಿಗೆ ಹೋದ. ಅಲ್ಲಿ ಬಿದ್ದ ಮನೆಗಳನ್ನು ಕಟ್ಟಿಕೊಡಲು ಒಂದು ಸೇವಾ ತಂಡ ಎದ್ದಿತ್ತು.

"ಫಾದರ್, ನಾನೂ ಬರ್ತೀನಿ. ಎಲ್ಲಾ ದೇವರ ಕೆಲಸ."

"ಯಾವ ಮನೆಗೆ ಹಾಕಲಿ?" ಎಂದರು ಪಾದ್ರಿಗಳು. ಅವರು ಬಾಗಿಲಿನಷ್ಟೇ ಅಗಲದ ಮನುಷ್ಯ. ಅಂಗಿಯ ತೋಳು ಮಡಚಿಕೊಂಡು ಸಿಮೆಂಟು ಕಲಸುತ್ತಿದ್ದರು.

"ಯಾವುದಾದ್ರೂ ಆದೀತು" ಎಂದ ಟೇಪಣ್ಣ ಆಕಾಶ ನೋಡುತ್ತ. "ಹತ್ತಿರ ಅಂದ್ರೆ, ನಮ್ಮ ಎದುರುಗಡೆದು ಒಂದಿದೆಯಪ್ಪ."

ಆ ಮನೆಯ ತಂಡಕ್ಕೆ ಮೇಸ್ತ್ರಿಯೇ ಸೇನಾಪತಿ. ಜೀವಮಾನವೆಲ್ಲ ಗೋಡೆ ಕಟ್ಟಿದವನು, ಕೆಲಸ ಬಾರದವರು ಸಹಾಯಕ್ಕೆ ಬಂದರೆ ಹಲ್ಲು ನೋವು ಬಂದವನಂತೆ ದವಡೆ ಹಿಡಿದುಕೊಳ್ಳುವವನು. ಅವನ ಕೈಕೆಳಗೆ ಚರ್ಚಿನಲ್ಲಿ ಆರ್ಗನ್ ನುಡಿಸುವ ಟೀಚರ್ ಇದ್ದರು. ಶಾಲೆಯಿಂದ ನಿವೃತ್ತರಾದವರು, ದನಿ ಮೃದು, ಆದರೆ ಸುತ್ತಿಗೆ ಕೈಗೆ ಬಂದರೆ ಗೋಡೆಗಳೇ ಹಿಂದೆ ಸರಿಯುತ್ತಿದ್ದವು. ಇವರ ನಡುವೆ ಟೇಪಣ್ಣ ಕೊರಳಲ್ಲಿ ಪಟ್ಟಿ, ಕಿವಿಯ ಮೇಲೆ ಗುರುತು ಹಾಕುವ ಸೀಮೆಸುಣ್ಣ ಸಿಕ್ಕಿಸಿಕೊಂಡು ರಣರಂಗಕ್ಕಿಳಿದ.

ಇಟ್ಟಿಗೆ ಹೊರಲು ಹೋಗಿ ಸೊಂಟ ಹಿಡಿಸಿಕೊಂಡ. ಮೊಳೆ ಹೊಡೆಯಲು ಹೋಗಿ ಹೆಬ್ಬೆರಳಿಗೆ ಹೊಡೆದುಕೊಂಡ, ಆಮೇಲೆ ಬೆರಳಿಗೆ ಹೊಲಿಗೆಯ ಲೋಹದ ಟೊಪ್ಪಿ ತೊಟ್ಟು ಬಂದು ಅದರ ಮೇಲೂ ಹೊಡೆದುಕೊಂಡ. ಗಾರೆ ಕೆಲಸಕ್ಕೆ ಹಚ್ಚಿದರೆ ಗೋಡೆಯನ್ನು ಇಸ್ತ್ರಿ ಮಾಡಿದಂತೆ ಒಂದೇ ಜಾಗದಲ್ಲಿ ಮಧ್ಯಾಹ್ನದವರೆಗೂ ಉಜ್ಜಿದ.

"ಟೇಪಣ್ಣ, ಅದು ಗೋಡೆ. ಯಾರೂ ಅದನ್ನ ಮದುವೆಗೆ ಹಾಕ್ಕೊಂಡು ಹೋಗಲ್ಲ" ಎಂದ ಮೇಸ್ತ್ರಿ ದವಡೆ ಹಿಡಿದುಕೊಂಡು.

"ಸುಕ್ಕು ಕಾಣ್ತಿತ್ತು ಮೇಸ್ತ್ರಿ."

"ಗಾರೆ ಒಣಗಿ ಹೋಯ್ತಲ್ಲ."

"ಒಣಗಲಿ, ನೀಟಾಗಿದೆ ತಾನೇ?"

ಆದರೂ ಅವನಷ್ಟು ಬೇಗ ಬರುವವರು, ಅವನಷ್ಟು ತಡವಾಗಿ ಹೋಗುವವರು ಆ ತಂಡದಲ್ಲಿ ಇರಲಿಲ್ಲ. ಗೋಡೆ ಎದ್ದಿತು, ಮಾಡು ಕೂತಿತು, ಬಾಗಿಲ ಚೌಕಟ್ಟುಗಳು ನಿಂತವು. ಬಾಗಿಲುಗಳನ್ನು ಮಾತ್ರ ಪಕ್ಕದ ಪಟ್ಟಣದ ಚರ್ಚಿನವರು ತಮ್ಮ ಮರದ ಕಾರ್ಖಾನೆಯಲ್ಲಿ ಮಾಡಿ ಕಳಿಸುತ್ತಿದ್ದರು. ಅಳತೆ ಹೇಳಿದರೆ ಸಾಕು. ಹೇಳಬೇಕಾದ ದಿನ ಮೇಸ್ತ್ರಿ ಇನ್ನೊಂದು ಮನೆಯ ಮಾಡಿನ ಮೇಲಿದ್ದ. ಅಲ್ಲಿಂದಲೇ ಕೂಗಿದ:

"ಅಳತೆ ನೀನೇ ತಗೊಂಡು ಫೋನ್ ಮಾಡಿಬಿಡು ಟೇಪಣ್ಣ. ಅದೊಂದಾದ್ರೂ ಬರುತ್ತಲ್ಲ ನಿಂಗೆ."

ಟೇಪಣ್ಣನ ಎದೆ ಉಬ್ಬಿತು. ಇಷ್ಟು ದಿನ ಅವನ ಕಲೆಗೆ ಬೆಲೆ ಇರಲಿಲ್ಲ. ಈಗ ನೋಡಿ. ಕೊರಳಿನಿಂದ ಪಟ್ಟಿಯನ್ನು ಖಡ್ಗದಂತೆ ಎಳೆದ. ಮುಂಬಾಗಿಲು ಅಳೆದ, ಹಿಂಬಾಗಿಲು ಅಳೆದ, ಎರಡೂ ಒಂದೇ ಅಳತೆ. ಎರಡೆರಡು ಸಲ ಅಳೆದ. ಫೋನು ತೆಗೆದು ಉದ್ದ ಹೇಳಿದ, ಅಗಲ ಹೇಳಿದ. ಆ ಕಡೆಯವರು, "ಅಗಲ ಅಷ್ಟೇನಾ?" ಎಂದು ಕೇಳಿದರು. "ಅಳತೆ ವಿಷಯದಲ್ಲಿ ನನ್ನನ್ನ ಯಾರೂ ಎರಡನೇ ಸಲ ಕೇಳಲ್ಲ" ಎಂದು ಫೋನಿಟ್ಟ.

ಗಡುವಿನ ಹಿಂದಿನ ದಿನ, ಶುಕ್ರವಾರ ಮಧ್ಯಾಹ್ನ ಬಾಗಿಲುಗಳು ಬಂದವು. ಕಾಜಣ್ಣ ಮತ್ತು ಅವನ ಹೆಂಡತಿ ಇನ್ನೂ ಬಾಮೈದನ ಊರಿನಲ್ಲೇ ಇದ್ದರು, ಮಾರನೆಯ ದಿನ ಅವನ ವ್ಯಾನಿನಲ್ಲೇ ಬರುವವರಿದ್ದರು. ಬಾಗಿಲು ನಿಂತಿದ್ದರೆ ವ್ಯಾನು ಬರಿದೇ ಹಿಂದೆ ಹೋಗುತ್ತದೆ, ಇಲ್ಲದಿದ್ದರೆ ಟ್ರಂಕು ತುಂಬಿಕೊಂಡು ಹೋಗುತ್ತದೆ. ಟೇಪಣ್ಣ ಬೆಳಿಗ್ಗೆಯಿಂದ ಬೀದಿಯ ತಿರುವಿನಲ್ಲೇ ನಿಂತಿದ್ದ. ಲಾರಿಯವನು ಸುತ್ತಿದ್ದ ಗೋಣಿಯನ್ನು ಬಿಚ್ಚಿದ.

ಒಳ್ಳೆಯ ಮರ. ಒಳ್ಳೆಯ ಕೆಲಸ. ಎತ್ತರ ಚೌಕಟ್ಟಿಗೆ ಸರಿಯಾಗಿ ಇತ್ತು. ಅಗಲ ಮಾತ್ರ ಸರಿಯಾಗಿ ಅರ್ಧ ಇತ್ತು.

ಮೇಸ್ತ್ರಿ ಒಂದು ಬಾಗಿಲನ್ನು ಎತ್ತಿ ಚೌಕಟ್ಟಿಗೆ ಆನಿಸಿ ನಿಲ್ಲಿಸಿದ. ಬಾಗಿಲು ಮುಚ್ಚಿಯೂ ಮನೆ ತೆರೆದೇ ಇತ್ತು. ಪಕ್ಕದಲ್ಲಿ ಉಳಿದ ಜಾಗದಲ್ಲಿ ಮೇಸ್ತ್ರಿ ಒಳಗೆ ಹೋಗಿ, ಹೊರಗೆ ಬಂದು, ಮತ್ತೆ ಒಳಗೆ ಹೋಗಿ ತೋರಿಸಿದ.

"ಇದು ಯಾರಿಗೆ ಬಾಗಿಲು? ಹಲ್ಲಿಗಾ?" ಎಂದ.

"ನಮ್ಮ ಬಡಗಿಯವರೂ ಕೇಳ್ತಿದ್ರು" ಎಂದ ಲಾರಿಯವನು. "ಇದೇನು ಪಾಪನಿವೇದನೆ ಮಾಡ್ಕೊಳ್ಳೋ ಗೂಡಿಗಾ ಅಂತ. ಚರ್ಚಿನೋರು ಹೇಳಿದಾರಲ್ಲ, ಇರಬಹುದು ಅಂತ ಮಾಡಿಬಿಟ್ರು."

ಪಾದ್ರಿಗಳು ಎಲ್ಲರ ಮನಸ್ಸು ಹಗುರಾಗಲೆಂದು, "ಅಡ್ಡಡ್ಡ ಹೋದ್ರೆ ಹಿಡಿಸಬಹುದು ನೋಡೋಣ" ಎಂದು ತಮ್ಮ ದೇಹವನ್ನು ಬಾಗಿಲಿನ ಪಕ್ಕದ ಸಂದಿಗೆ ಒಡ್ಡಿದರು. ಹಿಡಿಸಲಿಲ್ಲ. ಹಿಂದಕ್ಕೂ ಬರಲಿಲ್ಲ. ಆರ್ಗನ್ ಟೀಚರ್ ಒಳಗಿನಿಂದ ತಳ್ಳಿ, ಮೇಸ್ತ್ರಿ ಹೊರಗಿನಿಂದ ಎಳೆದು ಅವರನ್ನು ಬಿಡಿಸಿದರು. ಅವರ ಅಂಗಿಯ ಎರಡು ಗುಂಡಿ ಕಿತ್ತು ಗಾರೆಯಲ್ಲಿ ಬಿದ್ದವು. ಯಾರಿಗೂ ನಗು ಬರಲಿಲ್ಲ, ಬಂದರೂ ತೋರಿಸಲಿಲ್ಲ.

ಆರ್ಗನ್ ಟೀಚರ್ ಕನ್ನಡಕ ತೆಗೆದು ಒರೆಸಿದರು. ಶಾಲೆಯಲ್ಲಿ ಅವರು ಕನ್ನಡಕ ಒರೆಸಿದರೆ ಮಕ್ಕಳು ನಡುಗುತ್ತಿದ್ದರಂತೆ.

"ಟೇಪಣ್ಣ, ಒಂದು ಅಂಗಿಯ ಅಳತೆಯಲ್ಲಿ ನೀವು ಬೆರಳಗಲ ತಪ್ಪಿದ್ದು ನಾನು ಕೇಳಿಲ್ಲ. ಇದು ಹೇಗಾಯ್ತು?"

"ನಾನು ಸರಿಯಾಗೇ ಅಳೆದೆ ಟೀಚರ್."

"ಸರಿಯಾಗಿ ಅಳೆದು ಸರಿಯಾಗಿ ಅರ್ಧ ಹೇಳಿದ್ರಾ? ತಪ್ಪಿ ಹೇಳಿದ್ರೆ ಹೆಚ್ಚು ಕಡಿಮೆ ಆಗುತ್ತೆ. ಇದು ಲೆಕ್ಕ ಹಾಕಿ ಹೇಳಿದ ಹಾಗಿದೆ."

"ಅವನು ಹೋಗಲಿ ಅಂತ ಅಲ್ವೇನಯ್ಯಾ?" ಎಂದ ಮೇಸ್ತ್ರಿ. ಅವನದು ಸುತ್ತುಬಳಸಿನ ಮಾತಲ್ಲ. "ಹತ್ತು ಜನ ಬೆವರು ಸುರಿಸಿ ಕಟ್ಟಿದ್ದೀವಿ. ನೀನೂ ಕಟ್ಟಿದ ಹಾಗೆ ಮಾಡಿ ಕೊನೇಲಿ ಕತ್ತರಿ ಹಾಕಿದೆ."

ಟೇಪಣ್ಣ ಬಾಗಿಲನ್ನೂ ಚೌಕಟ್ಟನ್ನೂ ನೋಡಿದ. ಏನೆಂದು ಹೇಳಲಿ? ಅವನು ಹೋಗದಿರಲೆಂದೇ ನಾನು ಬಂದೆ ಎನ್ನಲೇ? ಅದನ್ನು ಯಾರು ನಂಬುತ್ತಾರೆ? ತಾನೇ ನಂಬಲು ಒಂದು ವಾರ ಬೇಕಾಗಿತ್ತು. ಪಟ್ಟಿ ತೆಗೆದು ಚೌಕಟ್ಟನ್ನು ಮತ್ತೆ ಅಳೆದ. ಅಂದು ಬಂದ ಅಳತೆಯೇ ಬಂತು. ಹಾಗಾದರೆ ಆ ಅರ್ಧ ಎಲ್ಲಿಂದ ಬಂತು?

ಮನೆಗೆ ಬಂದು ಗೋಡೆಗೊರಗಿ ಕೂತ. ಹೆಂಡತಿ ಸುದ್ದಿ ಆಗಲೇ ಕೇಳಿದ್ದಳು.

"ರೀ, ನಿಜ ಹೇಳಿ. ಬೇಕೂಂತ ಮಾಡಿದ್ರಾ?"

"ಇಲ್ಲ ಕಣೇ."

"ಮತ್ತೆ?"

"ಗೊತ್ತಿಲ್ಲ. ಅದೇ ಭಯ ಆಗ್ತಿದೆ. ಇಷ್ಟು ವರ್ಷ ಅವನು ಹಾಳಾಗಿ ಹೋಗಲಿ ಅಂತ ದಿನಾ ಬಯ್ದೆನಲ್ಲ. ನಾನು ಬೇಡ ಅಂದ್ರೂ ನನ್ನ ನಾಲಿಗೆ ಕೇಳಲಿಲ್ವೋ ಏನೋ."

ಮಾತಿನಲ್ಲಿ ಸೋಲದ ಹೆಂಡತಿ ಅಂದು ಒಂದು ಲೋಟ ಚಹಾ ತಂದು ಸುಮ್ಮನೆ ಪಕ್ಕದಲ್ಲಿಟ್ಟಳು. ಅದನ್ನು ನೋಡಿ ಟೇಪಣ್ಣನಿಗೆ ಇನ್ನೂ ಗಾಬರಿಯಾಯಿತು. ಅವಳು ಬಯ್ಯಲಿಲ್ಲವೆಂದರೆ ಪರಿಸ್ಥಿತಿ ಕೈ ಮೀರಿದೆ ಎಂದೇ ಅರ್ಥ.

ಶನಿವಾರ ಬೆಳಿಗ್ಗೆ ವ್ಯಾನು ಬಂತು. ಕಾಜಣ್ಣ ಇಳಿದ, ಕಾಜಕ್ಕ ಇಳಿದಳು, ಬಾಮೈದ ಹಿಂದಿನ ಬಾಗಿಲು ತೆರೆದು ಸಾಮಾನು ಕಟ್ಟಲು ಹಗ್ಗ ತೆಗೆದಿಟ್ಟ. ತಂಡದವರೆಲ್ಲ ಹೊಸ ಮನೆಯ ಮುಂದೆ ತಲೆ ತಗ್ಗಿಸಿ ನಿಂತಿದ್ದರು. ಟೇಪಣ್ಣ ಎಲ್ಲರ ಹಿಂದೆ ನಿಂತಿದ್ದ. ಅವನ ಹೊಟ್ಟೆ ಅವನನ್ನು ಬಚ್ಚಿಟ್ಟುಕೊಳ್ಳಲು ಬಿಡುತ್ತಿರಲಿಲ್ಲ.

"ಏನಾಯ್ತು, ಯಾರಾದ್ರೂ ಹೋಗಿಬಿಟ್ರಾ?" ಎಂದ ಕಾಜಣ್ಣ.

ಆರ್ಗನ್ ಟೀಚರ್ ಮುಂದೆ ಬಂದರು. "ನಿಮ್ಮ ಬಾಗಿಲು ಬಂದಿದೆ. ನೋಡಿ. ಅಳತೆ ಹೇಳಿದ್ದು ಇವರು." ಅವರ ಬೆರಳು ಟೇಪಣ್ಣನ ಕಡೆ ತಿರುಗಿತು.

ಕಾಜಣ್ಣ ಗೋಡೆಗೆ ಒರಗಿಸಿದ್ದ ಬಾಗಿಲಿನ ಹತ್ತಿರ ಹೋದ. ಮೇಲಿನಿಂದ ಕೆಳಗೆ ನೋಡಿದ. ಅಂಗೈ ಚಾಚಿ ಗೇಣು ಹಾಕಿ ಅಗಲ ಅಳೆದ. ಹೋಗಿ ಚೌಕಟ್ಟಿಗೂ ಗೇಣು ಹಾಕಿದ. ಮತ್ತೆ ಬಂದು ಬಾಗಿಲಿನ ಎತ್ತರ ನೋಡಿದ. ಅವನ ಮುಖದಲ್ಲಿ ಏನೂ ಕಾಣಲಿಲ್ಲ.

"ಉದ್ದ ಪೂರ್ತಿ ಇದೆ" ಎಂದ.

"ಇದೆ" ಎಂದ ಮೇಸ್ತ್ರಿ.

"ಅಗಲ ಅರ್ಧ."

"ಅದೇ ಮತ್ತೆ, ಬೇಕೂಂತಲೇ..."

"ಸ್ವಲ್ಪ ಸುಮ್ನಿರಿ ಮೇಸ್ತ್ರಿ." ಕಾಜಣ್ಣ ಟೇಪಣ್ಣನ ಕಡೆ ತಿರುಗಿದ. "ಏನಯ್ಯಾ, ನನ್ನ ಮನೆಯನ್ನ ಮಡಿಕೆಯ ಮೇಲೆ ಕತ್ತರಿಸಿದ್ಯಾ?"

ಟೇಪಣ್ಣನ ಬಾಯಿ ತೆರೆದುಕೊಂಡಿತು. ಆಮೇಲೆ ಎರಡೂ ಕೈ ತಲೆಯ ಮೇಲೆ ಹೋದವು. "ಅಯ್ಯೋ ದೇವರೇ" ಎಂದ. "ಬೆನ್ನು. ಬೆನ್ನಿನ ಅಗಲ ಹೇಳಿದ ಹಾಗೆ ಹೇಳಿಬಿಟ್ಟೆ."

ಕಾಜಣ್ಣ ನಗಲು ಶುರುಮಾಡಿದ. ಟೇಪಣ್ಣ ಅವನು ನಕ್ಕದ್ದನ್ನು ಎಷ್ಟೋ ಸಲ ನೋಡಿದ್ದ, ಎಲ್ಲವೂ ಮೂಗಿನಲ್ಲಿ ನಕ್ಕ ನಗು. ಇದು ಹೊಟ್ಟೆಯಿಂದ ಬಂತು. ಅಷ್ಟು ಸಣ್ಣ ಹೊಟ್ಟೆಯಲ್ಲಿ ಅಷ್ಟು ದೊಡ್ಡ ನಗು ಎಲ್ಲಿತ್ತೋ. ಇಟ್ಟಿಗೆಯ ಮೇಲೆ ಕೂತು, ಕಣ್ಣು ಒರೆಸಿಕೊಂಡು, ಮತ್ತೆ ಬಾಗಿಲು ನೋಡಿ, ಮತ್ತೆ ನಕ್ಕ.

"ನಮಗೂ ಸ್ವಲ್ಪ ಹೇಳಬಹುದಾ?" ಎಂದರು ಪಾದ್ರಿಗಳು.

"ಹೇಳ್ತೀನಿ ಫಾದರ್. ನಾವು ಅಂಗಿ ಕತ್ತರಿಸುವಾಗ ಬಟ್ಟೆಯನ್ನ ಎರಡು ಮಡಿಕೆ ಮಾಡಿ ಹಾಸ್ತೀವಿ. ನಿಮ್ಮ ಬೆನ್ನಿನ ಅಗಲ ಎಷ್ಟಿದೆಯೋ ಅದರ ಅರ್ಧಕ್ಕೆ ಗುರುತು ಹಾಕ್ತೀವಿ. ಕತ್ತರಿಸಿ ಮಡಿಕೆ ಬಿಚ್ಚಿದ್ರೆ ಪೂರ್ತಿ ಬೆನ್ನು ಬರುತ್ತೆ. ಉದ್ದಕ್ಕೆ ಮಡಿಕೆ ಇಲ್ಲ, ಅದನ್ನ ಪೂರ್ತಿ ಹಾಕ್ತೀವಿ. ಪಟ್ಟಿಯಲ್ಲಿ ಅಗಲ ಕಂಡ ಕೂಡ್ಲೇ ಬಾಯಲ್ಲಿ ಅರ್ಧ ಬಂದುಬಿಡುತ್ತೆ, ನಾವು ಲೆಕ್ಕ ಮಾಡೋದೇ ಇಲ್ಲ. ಅವನು ಉಸಿರಾಡಿದ ಹಾಗೆ ಹೇಳಿದ್ದಾನೆ. ಬೇಕೂಂತ ಕೆಡಿಸೋನು ಉದ್ದವನ್ನ ಯಾಕೆ ಬಿಡ್ತಾನೆ? ಮೋಸ ಮಾಡೋಕೂ ತಲೆ ಬೇಕು ಟೀಚರ್. ಇಷ್ಟು ಚೆನ್ನಾಗಿ ಅರ್ಧ ಮಾಡೋಕೆ ಟೈಲರೇ ಆಗಿರಬೇಕು."

"ನೀನಾಗಿದ್ರೆ?" ಎಂದ ಟೇಪಣ್ಣ.

ಕಾಜಣ್ಣ ಸುತ್ತ ನೋಡಿ ದನಿ ತಗ್ಗಿಸಿದ. "ನಾನಾಗಿದ್ರೂ ಅರ್ಧವೇ ಹೇಳ್ತಿದ್ದೆ. ಆದರೆ ಯಾರಿಗೂ ಹೇಳಬೇಡ."

ಎಲ್ಲರಿಗೂ ಕೇಳಿಸಿತು. ಆರ್ಗನ್ ಟೀಚರ್ ಕನ್ನಡಕ ಹಾಕಿಕೊಂಡು, ಟೇಪಣ್ಣನ ಹತ್ತಿರ ಬಂದು, "ನನ್ನ ಮಾತು ಹಿಂದಕ್ಕೆ ತಗೊಂಡೆ" ಎಂದರು. ಮೇಸ್ತ್ರಿ ದವಡೆಯಿಂದ ಕೈ ತೆಗೆದ. ಅವನ ಮಟ್ಟಿಗೆ ಅದೇ ಕ್ಷಮಾಪಣೆ.

"ಅದೆಲ್ಲಾ ಸರಿ ಭಾವ" ಎಂದ ಬಾಮೈದ ಹಗ್ಗ ಹಿಡಿದುಕೊಂಡು. "ತಪ್ಪಾಗಿದ್ದು ಹೇಗೇ ಆಗಲಿ, ಬಾಗಿಲಂತೂ ನಿಂತಿಲ್ಲ. ಟ್ರಂಕು ತರ್ಲಾ?"

ಟೇಪಣ್ಣ ಮುಂದೆ ಬಂದ. ಕೊರಳಿನ ಪಟ್ಟಿಯ ತುದಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ.

"ನೀನು ಹೋದ ದಿನ ಬ್ಯಾಂಕಿನ ಗುಮಾಸ್ತರು ಬಂದಿದ್ರು" ಎಂದ.

"ಅದಕ್ಕೆ?"

"ನನ್ನ ಕಾಲರ್ ಹೊಗಳಿದ್ರು."

"ಕಣ್ಣು ತೋರಿಸ್ಕೊಳ್ಳೋಕೆ ಹೇಳು."

"ಇದೇ" ಎಂದ ಟೇಪಣ್ಣ. "ಇದೇ ಮಾತು ಅವತ್ತು ಹೇಳೋಕೆ ಯಾರೂ ಇರಲಿಲ್ಲ. ಒಂದು ಕಾಗೆ ಇತ್ತು, ಅದೂ ಹಾರಿಹೋಯ್ತು. ನೀನು ಹೋಗಬೇಡ ಕಣಯ್ಯಾ."

ಕಾಜಣ್ಣ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದ, ಅಳತೆ ತೆಗೆದುಕೊಂಡಂತೆ. ಆಮೇಲೆ ಅತ್ತ ತಿರುಗಿ ಬಹಳ ಹೊತ್ತು ಮೂಗು ಸೀಟಿದ. ಕಾಜಕ್ಕನೂ ಟೇಪಣ್ಣನ ಹೆಂಡತಿಯೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ನಿಂತಿದ್ದರು.

"ಮೇಸ್ತ್ರಿ" ಎಂದ ಕಾಜಣ್ಣ ಕೊನೆಗೆ. "ಅಂಗಿಗೆ ಮುಂಭಾಗ ಎಷ್ಟು ತುಂಡು?"

"ನನಗೇನು ಗೊತ್ತು?"

"ಹಾಕ್ಕೊಂಡಿದ್ದೀರಲ್ಲ, ನೋಡ್ಕೊಳ್ಳಿ."

ಮೇಸ್ತ್ರಿ ತನ್ನ ಅಂಗಿ ನೋಡಿಕೊಂಡ. "ಎರಡು."

"ನಡುವೆ ಗುಂಡಿ. ಬಾಗಿಲಿಗೂ ಹಾಗೇ ಮಾಡಿ. ಎರಡು ಅರ್ಧ ಬಾಗಿಲು ಬಂದಿವೆಯಲ್ಲ, ಎರಡನ್ನೂ ಮುಂಬಾಗಿಲಿಗೇ ಹಾಕಿ, ಎಡಕ್ಕೊಂದು ಬಲಕ್ಕೊಂದು. ನಡುವೆ ಚಿಲಕ. ಹಿಂದಿನದು ಆಮೇಲೆ ನೋಡೋಣ."

ಮೇಸ್ತ್ರಿ ಯಾರ ಮುಖವನ್ನೂ ನೋಡದೆ ಕೀಲುಗಳ ಡಬ್ಬಿಗೆ ಕೈ ಹಾಕಿದ. ಆರ್ಗನ್ ಟೀಚರ್ ಸುತ್ತಿಗೆ ಎತ್ತಿದರು. ಪಾದ್ರಿಗಳು ಒಂದು ಬಾಗಿಲನ್ನು ಒಬ್ಬರೇ ಹೊತ್ತು ತಂದು, ನಿನ್ನೆಯ ಅವಮಾನ ತೀರುವಂತೆ ಚೌಕಟ್ಟಿಗೆ ಒತ್ತಿ ಹಿಡಿದರು. ಮಧ್ಯಾಹ್ನದ ಹೊತ್ತಿಗೆ ಕಾಜಣ್ಣನ ಮನೆಗೆ ಆ ಬೀದಿಯಲ್ಲಿ ಯಾರ ಮನೆಗೂ ಇಲ್ಲದ ಜೋಡಿ ಬಾಗಿಲು ನಿಂತಿತು. ಎರಡೂ ಕೈಯಿಂದ ತಳ್ಳಿದರೆ ಎರಡೂ ಕಡೆ ತೆರೆದುಕೊಳ್ಳುತ್ತಿತ್ತು. ಪಾದ್ರಿಗಳು ನಾಲ್ಕು ಸಲ ಒಳಗೆ ಹೋಗಿ ಹೊರಗೆ ಬಂದರು, ಎಲ್ಲೂ ತಾಗಲಿಲ್ಲ. ಮೇಸ್ತ್ರಿ ದೂರ ನಿಂತು ನೋಡಿ, "ಅಂತಸ್ತಿನವರ ಮನೆ ಹಾಗೆ ಕಾಣುತ್ತೆ, ದರಿದ್ರದ್ದು" ಎಂದ.

ಕಾಜಣ್ಣ ಚಿಲಕ ಹಾಕಿದ, ತೆಗೆದ, ಮತ್ತೆ ಹಾಕಿದ. "ಬಾಗಿಲು ನಿಂತಿದೆ" ಎಂದು ಬಾಮೈದನಿಗೆ ಹೇಳಿದ. "ನಾನು ಬರೋಕಾಗಲ್ಲಪ್ಪ. ಈ ಮನುಷ್ಯನೊಬ್ಬನ ಕೈಗೆ ಊರು ಬಿಟ್ಟು ಬಂದ್ರೆ ಎಲ್ಲರೂ ಒಂದೇ ಕಾಲಿನ ಪ್ಯಾಂಟು ಹಾಕ್ಕೊಂಡು ಓಡಾಡಬೇಕಾಗುತ್ತೆ. ಪಾಪ ಸುತ್ತಿಕೊಳ್ಳುತ್ತೆ ನನಗೆ."

"ನಂದಾದ್ರೂ ಕಾಲಿಗೆ ಹಿಡಿಸುತ್ತೆ" ಎಂದ ಟೇಪಣ್ಣ. "ನಿಂದು ಹಾಕ್ಕೊಂಡೋರು ಉಸಿರಾಡಬೇಕಾದ್ರೆ ಬಿಚ್ಚಿಡಬೇಕು." ಹೇಳಿ ಮುಗಿಸುವಷ್ಟರಲ್ಲಿ ಅವನಿಗೆ ಹಸಿವಾಗಿತ್ತು, ವಾರಗಳ ಮೇಲೆ ಮೊದಲ ಸಲ.

ಹಿಂಬಾಗಿಲು ಇನ್ನೂ ಬಾಕಿ. ವ್ಯಾನು ಹೇಗೂ ಬರಿದಾಗಿತ್ತು. ಪಕ್ಕದ ಪಟ್ಟಣಕ್ಕೆ ಹೋಗಿ ಮರದ ಕಾರ್ಖಾನೆಯವರಿಗೆ ಎದುರಿಗೇ ಅಳತೆ ಹೇಳಿ ಬರುವುದೆಂದಾಯಿತು. ಫೋನಿನ ಮೇಲೆ ಮೇಸ್ತ್ರಿಗೆ ನಂಬಿಕೆ ಹೋಗಿತ್ತು. ಅಳತೆ ಹೇಳಲು ಕಾಜಣ್ಣ ಹೊರಟ. ಅವನೊಬ್ಬನನ್ನೇ ಕಳಿಸುವುದು ಸರಿಯಲ್ಲವೆಂದು ಟೇಪಣ್ಣನೂ ಹೊರಟ. ಮುಂದಿನ ಸೀಟಿನಲ್ಲಿ ಬಾಮೈದನ ಪಕ್ಕದಲ್ಲಿ ಒಬ್ಬರಿಗೆ ಜಾಗವಿತ್ತು. ಇಬ್ಬರೂ ಕೂತರು.

"ಆ ಕಡೆ ಸರಿ."

"ಸರಿಯೋಕೆ ಜಾಗ ಎಲ್ಲಿದೆ? ನಿನ್ನ ಹೊಟ್ಟೆನೇ ಮಡಿಕೆ ಮಾಡ್ಕೋ."

ವ್ಯಾನು ಹೊರಟಿತು. ಚರ್ಚು ದಾಟಿ, ಶಾಲೆಯ ಮೈದಾನ ದಾಟಿ, ದೊಡ್ಡ ರಸ್ತೆಗೆ ಬಂತು. ಬಾಮೈದ ಗೇರು ಬದಲಿಸುತ್ತ, "ಭಾವ, ಅಲ್ಲಿ ಹೋದ್ಮೇಲೆ ಅಗಲ ಎಷ್ಟು ಅಂತ ಹೇಳ್ತೀರಿ?" ಎಂದು ಕೇಳಿದ.

"ಅರ್ಧ. ಎರಡು ಬಾಗಿಲು. ಮುಂದಿನದಕ್ಕೆ ಹೊಂದಬೇಕು" ಎಂದ ಕಾಜಣ್ಣ.

"ಪೂರ್ತಿ. ಒಂದೇ ಬಾಗಿಲು" ಎಂದ ಟೇಪಣ್ಣ ಅದೇ ಉಸಿರಿನಲ್ಲಿ. "ಅರ್ಧ ಹೇಳಿ ಒಂದು ಸಲ ಮರ್ಯಾದೆ ಹೋಗಿದ್ದು ಸಾಕು."

"ಮನೆ ನಂದು."

"ಅಳತೆ ನಂದು."

"ಅಳತೆ ನಿಂದಾಗಿದ್ದಕ್ಕೇ ಈಗ ವ್ಯಾನಲ್ಲಿ ಕೂತಿರೋದು."

ಬಾಮೈದ ವ್ಯಾನನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿ, ಎಂಜಿನ್ ಆರಿಸಿ, ಸೀಟಿಗೆ ಒರಗಿ ಕಣ್ಣು ಮುಚ್ಚಿದ. "ನೀವಿಬ್ಬರೂ ಮುಗಿಸಿ" ಎಂದ. "ನನಗೇನೂ ಅವಸರ ಇಲ್ಲ."